ತಂತ್ರಾಂಶದ ಆನ್‌ಲೈನ್ ಕೈಪಿಡಿ: ಜೋಡಣೆಯ ಕ್ರಮ

ತಂತ್ರಾಂಶದ ಆನ್‌ಲೈನ್ ಕೈಪಿಡಿ ಎಂದರೆ, ಒಂದು ತಂತ್ರಾಂಶವನ್ನು ಕಲಿಯಲು, ಅದರಿಂದ ಬೇಕಾದ ಕೆಲಸ ಮಾಡಿಸಿಕೊಳ್ಳಲು, ತೊಡಕು ಬಂದಾಗ ದಾರಿ ಹುಡುಕಲು ಬಳಕೆದಾರರಿಗೆ ನೆರವಾಗುವಂತೆ ಅಂತರಜಾಲದಲ್ಲಿ ಜೋಡಿಸಿಟ್ಟ ಬರಹ, ಚಿತ್ರ ಮತ್ತು ವಿಡಿಯೊಗಳ ಸಮೂಹ. ಸಹಾಯ ಪುಟಗಳು, ಬಳಕೆದಾರರ ಮಾರ್ಗದರ್ಶಿ, ದಸ್ತಾವೇಜು ಎಂಬ ಹೆಸರುಗಳೂ ಇದಕ್ಕಿವೆ. ಈ ಲೇಖನದಲ್ಲಿ ಇಡೀ ಸಮೂಹವನ್ನು ಕೈಪಿಡಿ ಎಂದೂ ಅದರ ಒಂದೊಂದು ಬಿಡಿ ಘಟಕವನ್ನು ಪುಟ ಎಂದೂ ಕರೆಯಲಾಗಿದೆ.

ಕೈಪಿಡಿಯಲ್ಲಿ ಎಷ್ಟು ಮಾಹಿತಿ ಇದೆ ಎನ್ನುವುದಕ್ಕಿಂತ ಅದು ಬೇಕಾದವರಿಗೆ ಬೇಕಾದಾಗ ಸಿಗುತ್ತದೆಯೇ ಎನ್ನುವುದು ಮುಖ್ಯ. ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ರನ್ನ ಬೆಳಗಲಿಯ ಯಾವುದೇ ರೈತ ಕುಟುಂಬದ ದಾಖಲೆಗಳನ್ನು ನೋಡಿದರೆ ಸಮಸ್ಯೆಯ ಸ್ವರೂಪ ತಿಳಿಯುತ್ತದೆ. ಹೊಲದ ಪಹಣಿ ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶದಲ್ಲಿದೆ. ಊರಿನಲ್ಲಿ ಪಟ್ಟಣ ಪಂಚಾಯಿತಿ ಇರುವುದರಿಂದ ಮನೆಯ ದಾಖಲೆ ‘ಇ-ಆಸ್ತಿ’ಗೆ ಸೇರುತ್ತದೆ, ಗ್ರಾಮ ಪಂಚಾಯಿತಿ ಇರುವ ಪಕ್ಕದ ಹಳ್ಳಿಯಲ್ಲಿ ಅದೇ ಬಗೆಯ ದಾಖಲೆ ‘ಇ-ಸ್ವತ್ತಿ’ನಲ್ಲಿರುತ್ತದೆ. ರೈತನ ನೋಂದಣಿ ‘ಫ್ರೂಟ್ಸ್’ನಲ್ಲಿ, ಆಸ್ತಿ ಖರೀದಿಯ ನೋಂದಣಿ ‘ಕಾವೇರಿ’ಯಲ್ಲಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ‘ನಾಡಕಚೇರಿ’ಯಲ್ಲಿ. ಮನೆಯವರ ಪ್ರಶ್ನೆ ಮಾತ್ರ ಈ ಹೆಸರುಗಳಿಂದ ಶುರುವಾಗುವುದಿಲ್ಲ. ತೀರಿಹೋದ ತಂದೆಯ ಹೊಲವನ್ನು ಮಕ್ಕಳ ಹೆಸರಿಗೆ ಮಾಡಿಸಬೇಕು, ಬೆಳೆ ಪರಿಹಾರ ಬಂದಿಲ್ಲ, ಹೆಸರಿನಲ್ಲಿ ಒಂದಕ್ಷರ ತಪ್ಪಾಗಿದೆ ಎಂಬಂತಹ ಕೆಲಸಗಳಿಂದ ಪ್ರಶ್ನೆ ಹುಟ್ಟುತ್ತದೆ. ತಂತ್ರಾಂಶದ ಒಳರಚನೆಗೂ ಬಳಕೆದಾರರ ಕೆಲಸಕ್ಕೂ ನಡುವೆ ಇರುವ ಈ ಅಂತರವನ್ನು ದಾಟಿಸುವುದೇ ಕೈಪಿಡಿ ಜೋಡಣೆಯ ಕೇಂದ್ರ ಪ್ರಶ್ನೆ.

ಉಗಮ

ಬಳಕೆಗೆಂದೇ ಜೋಡಿಸಿದ ಶಾಸ್ತ್ರಗ್ರಂಥಗಳ ಪರಂಪರೆ ಕನ್ನಡದಲ್ಲಿ ಹಳೆಯದು. 11ನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ವು ಅಂತರ್ಜಲ ಪತ್ತೆ, ಗಿಡಮರಗಳ ಆರೈಕೆ, ಮನೆ ಕಟ್ಟುವಿಕೆ, ಅಡುಗೆ ಮೊದಲಾದ ದಿನಬಳಕೆಯ ವಿದ್ಯೆಗಳನ್ನು ವಿಷಯವಾರಾಗಿ ಅಧ್ಯಾಯಗಳಲ್ಲಿ ಹಂಚಿ ಕೊಡುತ್ತದೆ. ಕವಿ ರನ್ನನ ಹೆಸರಿನಲ್ಲಿ ‘ರನ್ನಕಂದ’ ಎಂಬ ನಿಘಂಟಿನ ಕೆಲವು ಪದ್ಯಗಳು ಉಳಿದಿವೆ. ಜೋಡಣೆಯ ದೃಷ್ಟಿಯಿಂದ ಇನ್ನೂ ಗಮನಾರ್ಹವಾದುದು 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’. ಅದರಲ್ಲಿ ವ್ಯಾಕರಣದ ನಿಯಮ ಕಂದಪದ್ಯದ ಸೂತ್ರವಾಗಿ ಬರುತ್ತದೆ, ಅದರ ಅರ್ಥ ಗದ್ಯದ ವೃತ್ತಿಯಾಗಿ ಬರುತ್ತದೆ, ಆಮೇಲೆ ಪ್ರಯೋಗಗಳು ಬರುತ್ತವೆ. ನಿಯಮ, ವಿವರಣೆ, ಉದಾಹರಣೆ ಮೂರೂ ಒಂದೊಂದು ಜಾಗದಲ್ಲಿ ನಿಂತಿರುವುದರಿಂದ, ತಿಳಿದವನು ಸೂತ್ರವನ್ನಷ್ಟೇ ನೋಡಿ ಮುಂದೆ ಹೋಗಬಹುದು, ಕಲಿಯುವವನು ಮೂರನ್ನೂ ಓದಬಹುದು.

ತಂತ್ರಾಂಶದ ಕೈಪಿಡಿಗಳ ಇತಿಹಾಸದಲ್ಲಿ ಯೂನಿಕ್ಸ್ ಕೈಪಿಡಿಗೆ ಮೂಲಸ್ಥಾನವಿದೆ. ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಸಿದ್ಧಪಡಿಸಿದ ಅದರ ಮೊದಲ ಆವೃತ್ತಿ 1971ರ ನವೆಂಬರ್ 3ರ ದಿನಾಂಕ ಹೊತ್ತಿದೆ. ಆಜ್ಞೆಗಳು, ಸಿಸ್ಟಂ ಕರೆಗಳು, ಕಡತದ ನಮೂನೆಗಳು ಎಂಬಂತೆ ಅದನ್ನು ವಿಭಾಗಿಸಿ, ಪ್ರತಿ ಆಜ್ಞೆಗೂ ಪ್ರತ್ಯೇಕ ಪುಟ ಕೊಡಲಾಗಿತ್ತು. ಎಲ್ಲ ಪುಟಗಳಿಗೂ ಒಂದೇ ಉಪಶೀರ್ಷಿಕೆಗಳು: ಹೆಸರು, ಬರೆಯುವ ರೀತಿ, ವಿವರಣೆ, ಸಂಬಂಧಿಸಿದ ಪುಟಗಳು. ಗೊತ್ತಿರುವ ದೋಷಗಳನ್ನು ಬಚ್ಚಿಡದೆ ಹೇಳಲು ಒಂದು ಉಪಶೀರ್ಷಿಕೆಯೂ ಇತ್ತು. ಈ ಕೈಪಿಡಿಯನ್ನು ಕಂಪ್ಯೂಟರಿನ ಪರದೆಯ ಮೇಲೆಯೇ ತೆರೆದು ಓದುವ ವ್ಯವಸ್ಥೆಯೂ ಬೇಗನೆ ಬಂತು. ಐವತ್ತು ವರ್ಷ ದಾಟಿದ ಮೇಲೂ ಲಿನಕ್ಸ್ ಬಳಕೆದಾರರು ನೋಡುವುದು ಇದೇ ಚೌಕಟ್ಟಿನ ಪುಟಗಳನ್ನು.

ಸಾಮಾನ್ಯ ಬಳಕೆದಾರರಿಗೆ ಆಗ ಸಿಗುತ್ತಿದ್ದದ್ದು ತಂತ್ರಾಂಶದ ಡಬ್ಬಿಯ ಜೊತೆ ಬರುವ ದಪ್ಪ ಪುಸ್ತಕ. ಎಫ್1 ಕೀಲಿ ಒತ್ತಿದರೆ ಸಹಾಯ ತೆರೆಯಬೇಕು ಎಂಬ ರೂಢಿಯನ್ನು ಐಬಿಎಂ 1987ರ ತನ್ನ ವಿನ್ಯಾಸ ನಿಯಮಗಳಲ್ಲಿ ಗಟ್ಟಿಮಾಡಿತು. 1990ರ ವಿಂಡೋಸ್ 3.0 ಜೊತೆಗೆ ಕೊಂಡಿಗಳಿರುವ ಸಹಾಯ ಕಡತಗಳು ಬಂದವು, 1997ರಲ್ಲಿ ಅವುಗಳ ಜಾಗಕ್ಕೆ ಎಚ್‌ಟಿಎಂಎಲ್ ಆಧಾರಿತ ನಮೂನೆ ಬಂತು. ಅಂತರಜಾಲ ಹರಡಿದಂತೆ ಕೈಪಿಡಿ ಬಳಕೆದಾರರ ಕಂಪ್ಯೂಟರಿನಿಂದ ತಯಾರಕರ ಸರ್ವರಿಗೆ ಸಾಗಿತು. ಇದರಿಂದ ತಪ್ಪನ್ನು ಅಂದೇ ತಿದ್ದಲು ಸಾಧ್ಯವಾಯಿತು. ಆದರೆ ಪುಸ್ತಕಕ್ಕಿದ್ದ ಮೊದಲ ಪುಟ, ಕೊನೆಯ ಪುಟ ಎಂಬ ಅನುಕ್ರಮ ಹೋಯಿತು. ಹುಡುಕುಯಂತ್ರದ ಮೂಲಕ ಬರುವ ಓದುಗ ಯಾವ ಪುಟದಲ್ಲಿ ಬೇಕಾದರೂ ಇಳಿಯಬಹುದಾಯಿತು.

ಜನ ಕೈಪಿಡಿಯನ್ನು ಹೇಗೆ ಓದುತ್ತಾರೆ ಎಂಬ ಅಧ್ಯಯನ ಜೊತೆಜೊತೆಗೇ ನಡೆಯಿತು. ಐಬಿಎಂನ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ ಜಾನ್ ಕ್ಯಾರೊಲ್ ಮತ್ತು ಮೇರಿ ಬೆತ್ ರಾಸನ್ ಮಾಡಿದ ಕೆಲಸ ಇಲ್ಲಿ ಮುಖ್ಯ. ಬಳಕೆದಾರರು ಓದಿ ಮುಗಿಸಿ ಕೆಲಸಕ್ಕೆ ಇಳಿಯುವುದಿಲ್ಲ, ಕೆಲಸಕ್ಕೆ ಇಳಿದು ಸಿಕ್ಕಿಕೊಂಡ ಮೇಲೆ ಕೈಪಿಡಿಯತ್ತ ತಿರುಗುತ್ತಾರೆ ಎಂದು ಅವರು 1987ರ ಪ್ರಬಂಧದಲ್ಲಿ ತೋರಿಸಿದರು. ಪದಸಂಸ್ಕಾರಕವೊಂದರ ಕೈಪಿಡಿಯನ್ನು ಕ್ಯಾರೊಲ್ ತಂಡ ಕತ್ತರಿಸಿ ಚಿಕ್ಕದು ಮಾಡಿತು. ಪೀಠಿಕೆಗಳನ್ನು ತೆಗೆದು, ನಿಜವಾದ ಕೆಲಸಗಳನ್ನೇ ಮುಂದಿಟ್ಟು, ತಪ್ಪು ಮಾಡಿದಾಗ ಹಿಂದಿರುಗುವ ದಾರಿಯನ್ನು ಸೇರಿಸಿದಾಗ ಕಲಿಯುವವರು ಕಡಿಮೆ ಸಮಯದಲ್ಲಿ ಹೆಚ್ಚು ಕಲಿತರು. ಈ ಸಂಶೋಧನೆಯ ಫಲವಾಗಿ 1990ರಲ್ಲಿ ಬಂದ ಕ್ಯಾರೊಲ್‌ರ ‘ದ ನರ್ನ್‌ಬರ್ಗ್ ಫನಲ್’ ಈ ಕ್ಷೇತ್ರದ ಮೂಲಗ್ರಂಥಗಳಲ್ಲಿ ಒಂದಾಗಿದೆ.

ಮಾಹಿತಿಯನ್ನು ವರ್ಗೀಕರಿಸುವ ಶಾಸ್ತ್ರಕ್ಕೆ ಬೆಂಗಳೂರಿನ ಕೊಡುಗೆ ದೊಡ್ಡದು. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು 1931ರಲ್ಲಿ, ಕೋಲನ್ ವರ್ಗೀಕರಣವನ್ನು 1933ರಲ್ಲಿ ಪ್ರಕಟಿಸಿದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿಯಲ್ಲಿ 1962ರಲ್ಲಿ ಅವರು ಇಲ್ಲಿ ಸ್ಥಾಪಿಸಿದ ಡಾಕ್ಯುಮೆಂಟೇಶನ್ ರಿಸರ್ಚ್ ಆ್ಯಂಡ್ ಟ್ರೇನಿಂಗ್ ಸೆಂಟರ್ ಇಂದಿಗೂ ನಡೆಯುತ್ತಿದೆ. ಒಂದು ವಿಷಯವನ್ನು ಒಂದೇ ಕೊಂಬೆಗೆ ಕಟ್ಟಿಹಾಕದೆ ಹಲವು ಮುಖಗಳಿಂದ ಗುರುತಿಸಬೇಕು ಎಂಬುದು ಅವರ ವರ್ಗೀಕರಣದ ತಿರುಳು. ಇಂದು ಜಾಲತಾಣಗಳಲ್ಲಿ ಸಾಧನ, ಆವೃತ್ತಿ, ಕೆಲಸ, ಭಾಷೆ ಎಂದು ಆಯ್ದು ಪುಟಗಳನ್ನು ಸೋಸುವ ಸೌಲಭ್ಯದ ಹಿಂದಿರುವುದು ಇದೇ ಬಹುಮುಖ ವರ್ಗೀಕರಣದ ತತ್ತ್ವ. ಓದುಗರ ಸಮಯ ಉಳಿಸುವುದನ್ನು ಹೇಳುವ ಅವರ ನಾಲ್ಕನೆಯ ಸೂತ್ರ ಕೈಪಿಡಿಗಳಿಗೆ ನೇರವಾಗಿ ಅನ್ವಯಿಸುತ್ತದೆ.

ವಿಧಗಳು

ಕೈಪಿಡಿಯ ಪುಟಗಳನ್ನು ಅವು ಪೂರೈಸುವ ಅಗತ್ಯಕ್ಕೆ ತಕ್ಕಂತೆ ನಾಲ್ಕು ವಿಧಗಳಾಗಿ ವಿಂಗಡಿಸುವ ಪದ್ಧತಿ ಈಗ ಹೆಚ್ಚು ಬಳಕೆಯಲ್ಲಿದೆ. ಡ್ಯಾನಿಯೆಲೆ ಪ್ರೊಚೀಡಾ ರೂಪಿಸಿದ ‘ಡಯಾಟಾಕ್ಸಿಸ್’ ಎಂಬ ಚೌಕಟ್ಟು ಇದಕ್ಕೆ ಆಧಾರ. ಪಾಠ, ವಿಧಾನ, ಆಕರ, ವಿವರಣೆ ಎಂಬವು ಆ ನಾಲ್ಕು. ಕರ್ನಾಟಕದಲ್ಲಿ ಹೆಚ್ಚು ಜನರ ಕೈಗೆ ಸಿಕ್ಕಿದ ಕನ್ನಡ ತಂತ್ರಾಂಶಗಳಲ್ಲಿ ಒಂದಾದ ‘ನುಡಿ’ಯನ್ನು ಉದಾಹರಣೆಗೆ ಇಟ್ಟುಕೊಂಡರೆ ಇವುಗಳ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ಈ ತಂತ್ರಾಂಶ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿದೆ. ರಾಜ್ಯದ ಸರ್ಕಾರಿ ಕಚೇರಿಗಳಿಂದ ಹಿಡಿದು ಸಣ್ಣ ಊರುಗಳ ಡಿಟಿಪಿ ಅಂಗಡಿಗಳವರೆಗೆ ಅದು ಹರಡಿತು.

ಪಾಠವು ಏನೂ ಗೊತ್ತಿಲ್ಲದವರನ್ನು ಕೈಹಿಡಿದು ನಡೆಸುತ್ತದೆ. ನುಡಿಯನ್ನು ಅಳವಡಿಸಿ, ಕನ್ನಡಕ್ಕೆ ಬದಲಿಸಿ, ತನ್ನ ಹೆಸರು ಮತ್ತು ಊರಿನ ಹೆಸರನ್ನು ಬೆರಳಚ್ಚು ಮಾಡಿ, ಕಡತವನ್ನು ಉಳಿಸುವವರೆಗೆ ಸಾಗುವ ಪುಟ ಪಾಠ. ಅದರಲ್ಲಿ ಆಯ್ಕೆಗಳಿಗೆ ಜಾಗವಿಲ್ಲ. ಬರೆದವರು ಹೇಳಿದಂತೆ ಮಾಡಿದರೆ ಕೊನೆಯಲ್ಲಿ ಪರದೆಯ ಮೇಲೆ ಹೇಳಿದ್ದೇ ಕಾಣಬೇಕು. ಒಂದು ಹೆಜ್ಜೆಯಲ್ಲಿ ಬೇರೇನೋ ಕಂಡರೆ ಹೊಸಬರು ಅಲ್ಲಿಗೇ ನಿಲ್ಲುತ್ತಾರೆ.

ವಿಧಾನದ ಪುಟ ಕೆಲಸ ಗೊತ್ತಿರುವವರಿಗೆ. ‘ಹಳೆಯ ನುಡಿ ಕಡತವನ್ನು ಯೂನಿಕೋಡ್‌ಗೆ ಬದಲಿಸುವುದು’ ಎಂಬ ಪುಟ ಹುಡುಕಿ ಬರುವವರಿಗೆ ಬೆರಳಚ್ಚು ಬರುತ್ತದೆ, ಕಡತವೂ ಕೈಯಲ್ಲಿದೆ. ಅವರಿಗೆ ಬೇಕಾದದ್ದು ಪರಿವರ್ತಕವನ್ನು ತೆರೆಯುವ, ಕಡತವನ್ನು ಆಯ್ದುಕೊಳ್ಳುವ, ಫಲಿತಾಂಶವನ್ನು ಪರೀಕ್ಷಿಸುವ ಹೆಜ್ಜೆಗಳು ಮಾತ್ರ. ಯೂನಿಕೋಡ್ ಎಂದರೇನು ಎಂಬ ವ್ಯಾಖ್ಯಾನ ಅಲ್ಲಿ ಬಂದರೆ ಅದನ್ನು ದಾಟಿ ಹೋಗುವುದೇ ಅವರಿಗೆ ಹೆಚ್ಚುವರಿ ಕೆಲಸ.

ಆಕರವು ನೋಡಿ ತಿಳಿಯುವ ಪುಟ. ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿ, ಒತ್ತಕ್ಷರಕ್ಕೆ ಎಫ್ ಕೀಲಿ ಬಳಸಬೇಕೆಂಬ ನಿಯಮ, ಜೊತೆಗೆ ಬರುವ ಫಾಂಟ್‌ಗಳ ಹೆಸರು ಇಲ್ಲಿ ಸೇರುತ್ತವೆ. ಆಕರದ ಪುಟ ಪೂರ್ಣವಾಗಿರಬೇಕು, ಒಂದೇ ನಮೂನೆಯಲ್ಲಿರಬೇಕು. ತಂತ್ರಾಂಶದ ಒಳರಚನೆಯ ಕ್ರಮವನ್ನೇ ಅನುಸರಿಸಿದರೂ ತೊಂದರೆಯಿಲ್ಲದ ವಿಧ ಇದೊಂದೇ.

ವಿವರಣೆಯು ‘ಏಕೆ’ ಎಂಬ ಪ್ರಶ್ನೆಗೆ ಉತ್ತರ. ನುಡಿ ಫಾಂಟ್‌ನಲ್ಲಿ ಮಾಡಿದ ಹಳೆಯ ಕಡತವನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುವುದೇಕೆ? ಹಳೆಯ ಫಾಂಟ್‌ಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರದ ಚೂರುಗಳನ್ನು ಕೂರಿಸಿದ್ದವು. ಕಡತದಲ್ಲಿ ಉಳಿಯುತ್ತಿದ್ದದ್ದು ಆ ರೋಮನ್ ಸಂಕೇತಗಳೇ. ಫಾಂಟ್ ಇಲ್ಲದ ಕಡೆ ಅವೇ ಬಯಲಾಗುತ್ತವೆ. 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ವಿಭಾಗವಿದೆ; ಅದನ್ನು ಬಳಸಿದ ಕಡತ ಯಾವುದೇ ಯೂನಿಕೋಡ್ ಫಾಂಟ್‌ನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಇಷ್ಟನ್ನು ಬಿಡುವಾಗಿ ಓದಿದವರಿಗೆ ಪರಿವರ್ತಕ ಏಕೆ ಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ಈ ನಾಲ್ಕು ವಿಧಗಳನ್ನು ಬೆರೆಸುವುದೇ ಕೈಪಿಡಿಗಳು ಕೆಡುವ ಸಾಮಾನ್ಯ ಕಾರಣ. ಪಾಠದ ನಡುವೆ ಕೀಲಿಗಳ ಇಡೀ ಪಟ್ಟಿ ಬಂದರೆ ಹೊಸಬರು ಕಂಗೆಡುತ್ತಾರೆ, ಕೀಲಿಪಟ್ಟಿಯೊಳಗೆ ಪಾಠ ನುಸುಳಿದರೆ ಅನುಭವಿಗಳಿಗೆ ಒಂದು ಅಕ್ಷರ ಹುಡುಕಲು ಹೊತ್ತು ಹಿಡಿಯುತ್ತದೆ. ಜ್ಯಾಂಗೊ ಎಂಬ ಪ್ರಸಿದ್ಧ ಮುಕ್ತ ತಂತ್ರಾಂಶದ ಕೈಪಿಡಿ ತನ್ನ ಮುಖಪುಟದಲ್ಲೇ ಈ ವಿಂಗಡಣೆಯನ್ನು ಹೇಳಿಬಿಡುತ್ತದೆ. ಐಬಿಎಂನಲ್ಲಿ ಹುಟ್ಟಿ 2005ರಲ್ಲಿ ಒಯಾಸಿಸ್ ಸಂಸ್ಥೆಯ ಮಾನಕವಾದ ‘ಡಿಟಾ’ ಇದಕ್ಕೂ ಮೊದಲೇ ಪುಟಗಳನ್ನು ಪರಿಕಲ್ಪನೆ, ಕೆಲಸ, ಆಕರ ಎಂದು ಮೂರಾಗಿ ವಿಂಗಡಿಸಿತ್ತು. ಪದೇಪದೇ ಕೇಳುವ ಪ್ರಶ್ನೆಗಳು, ದೋಷ ಪರಿಹಾರ, ಆವೃತ್ತಿ ಟಿಪ್ಪಣಿ, ಪದಕೋಶ ಮೊದಲಾದ ಉಪವಿಧಗಳೂ ಇವೆ. ಇವುಗಳಲ್ಲಿ ಪ್ರಶ್ನೋತ್ತರದ ಪುಟ ಬೇಗ ಬೆಳೆದು ದಿಕ್ಕು ತಪ್ಪುತ್ತದೆ. ಅದರ ಪ್ರಶ್ನೆಗಳನ್ನು ಆಗಾಗ ಅವು ಸೇರಬೇಕಾದ ಪುಟಗಳಿಗೆ ಸಾಗಿಸುವುದು ಒಳ್ಳೆಯ ಪದ್ಧತಿ.

ರಚನೆ

ಪುಟದ ಶೀರ್ಷಿಕೆ ಬಳಕೆದಾರರ ಕೆಲಸವನ್ನು ಹೆಸರಿಸಬೇಕು. ‘ಮ್ಯುಟೇಶನ್ ಮಾಡ್ಯೂಲ್’ ಎಂಬ ಶೀರ್ಷಿಕೆ ತಂತ್ರಾಂಶ ಬರೆದವರಿಗೆ ತಿಳಿಯುತ್ತದೆ. ‘ತೀರಿಹೋದವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು’ ಎಂಬುದು ಹೊಲದ ಮಾಲೀಕರಿಗೆ ತಿಳಿಯುತ್ತದೆ. ಈ ಒಂದು ಕೆಲಸದಲ್ಲೇ ಮರಣ ಪ್ರಮಾಣಪತ್ರಕ್ಕೆ ‘ಇ-ಜನ್ಮ’, ವಂಶವೃಕ್ಷಕ್ಕೆ ನಾಡಕಚೇರಿ, ಹಕ್ಕು ಬದಲಾವಣೆಗೆ ಭೂಮಿ ಹೀಗೆ ಮೂರು ತಂತ್ರಾಂಶಗಳು ಬರುತ್ತವೆ. ಮೂರರ ಕೈಪಿಡಿಗಳೂ ತಮ್ಮ ತಮ್ಮಲ್ಲಿ ಸರಿಯಾಗಿದ್ದು, ಮೂರನ್ನೂ ಹೆಣೆಯುವ ಒಂದು ಪುಟ ಇಲ್ಲದಿದ್ದರೆ, ಬಳಕೆದಾರರು ಮಧ್ಯವರ್ತಿಯನ್ನೇ ನಂಬಬೇಕಾಗುತ್ತದೆ.

ಪುಟದ ಒಳಗೆ ಕ್ರಮ ಹೀಗಿರುವುದು ರೂಢಿ: ಮೊದಲ ಸಾಲಿನಲ್ಲಿ ಈ ಪುಟ ಯಾರಿಗೆ ಮತ್ತು ಏನು ಮಾಡಲು ಎಂಬುದು, ಆಮೇಲೆ ಶುರುಮಾಡುವ ಮೊದಲು ಕೈಯಲ್ಲಿರಬೇಕಾದವು, ಅಂದರೆ ಆಧಾರ್‌ಗೆ ಜೋಡಿಸಿದ ಮೊಬೈಲ್, ಸರ್ವೆ ನಂಬರ್ ಇತ್ಯಾದಿ, ಆಮೇಲೆ ಸಂಖ್ಯೆ ಹಾಕಿದ ಹೆಜ್ಜೆಗಳು, ಕೊನೆಯಲ್ಲಿ ಕೆಲಸ ಆಗಿದೆಯೆಂದು ಗುರುತಿಸುವ ಬಗೆ. ಒಂದು ಹೆಜ್ಜೆಗೆ ಒಂದೇ ಕ್ರಿಯೆ. ಷರತ್ತು ಇದ್ದರೆ ಅದು ಕ್ರಿಯೆಗಿಂತ ಮೊದಲು ಬರಬೇಕು. ‘ಜಂಟಿ ಖಾತೆಯಾಗಿದ್ದರೆ’ ಎಂಬ ಮಾತು ವಾಕ್ಯದ ಕೊನೆಗೆ ಬಂದರೆ ಓದುವಷ್ಟರಲ್ಲಿ ಬಟನ್ ಒತ್ತಿ ಆಗಿರುತ್ತದೆ. ಜಾಲಪುಟ ಓದುವವರ ಮೇಲೆ 1997ರಲ್ಲಿ ಪ್ರಕಟವಾದ ಯಾಕೋಬ್ ನೀಲ್ಸನ್ ಅವರ ಪರೀಕ್ಷೆಯಲ್ಲಿ ನೂರಕ್ಕೆ 79 ಮಂದಿ ಪುಟವನ್ನು ಸಾಲುಸಾಲಾಗಿ ಓದದೆ ಕಣ್ಣಾಡಿಸಿದ್ದರು. ಉಪಶೀರ್ಷಿಕೆ, ಚಿಕ್ಕ ಪ್ಯಾರಾ, ಹೆಜ್ಜೆಗಳ ಸಂಖ್ಯೆ ಇವು ಅಂಥ ಕಣ್ಣಿಗೆ ಹಿಡಿತ ಕೊಡುತ್ತವೆ.

ಯಾವ ಪುಟಕ್ಕಾದರೂ ಓದುಗ ನೇರವಾಗಿ ಬಂದು ಇಳಿಯಬಹುದು ಎಂಬ ಎಚ್ಚರ ಜೋಡಣೆಯ ಉದ್ದಕ್ಕೂ ಬೇಕು. ಮಾರ್ಕ್ ಬೇಕರ್ ತಮ್ಮ 2013ರ ಪುಸ್ತಕದಲ್ಲಿ ಪ್ರತಿ ಪುಟವನ್ನೂ ಮೊದಲ ಪುಟವೆಂದೇ ಎಣಿಸಬೇಕೆಂದು ವಾದಿಸಿದ್ದಾರೆ. ಹಾಗಾಗಿ ‘ಮೇಲೆ ಹೇಳಿದಂತೆ’, ‘ಹಿಂದಿನ ಅಧ್ಯಾಯದಲ್ಲಿ’ ಎಂಬ ಮಾತುಗಳ ಬದಲು ಕೊಂಡಿ ಇರಬೇಕು. ಪುಟದ ನೆತ್ತಿಯಲ್ಲಿ ಅದು ಕೈಪಿಡಿಯ ಯಾವ ಭಾಗ, ತಂತ್ರಾಂಶದ ಯಾವ ಆವೃತ್ತಿಗೆ ಸೇರಿದ್ದು, ಎಂದು ತಿದ್ದಿದ್ದು ಎಂಬುದು ಕಾಣಬೇಕು. ಪುಟದ ವಿಳಾಸ ಬದಲಾಗಬಾರದು. ಬದಲಿಸಲೇಬೇಕಾದರೆ ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ಉಳಿಸಬೇಕು, ಏಕೆಂದರೆ ಆ ಹೊತ್ತಿಗೆ ಹಳೆಯ ವಿಳಾಸ ನೂರಾರು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಗಿರುತ್ತದೆ.

ಹುಡುಕಾಟ ಕನ್ನಡದ ಕೈಪಿಡಿಗಳಿಗೆ ವಿಶೇಷ ಸವಾಲು. ಸರ್ಕಾರಿ ಪರದೆಯಲ್ಲಿ ‘ಪಹಣಿ’ ಅಥವಾ ‘ಆರ್‌ಟಿಸಿ’ ಎಂದಿರುವುದನ್ನು ಮುಧೋಳ, ಜಮಖಂಡಿಯ ಸುತ್ತ ಜನ ‘ಉತಾರ’ ಎನ್ನುತ್ತಾರೆ. ಹಳೆಯ ಮೈಸೂರಿನ ‘ಪೌತಿ ಖಾತೆ’ ಉತ್ತರ ಕರ್ನಾಟಕದಲ್ಲಿ ‘ವಾರಸಾ’ ಆಗುತ್ತದೆ. ಇದರ ಜೊತೆಗೆ ಅದೇ ಪದವನ್ನು ರೋಮನ್ ಅಕ್ಷರಗಳಲ್ಲಿ ಒತ್ತುವವರೂ ಬಹಳ. ಪುಟ ಯಾವುದೋ ಒಂದು ಪದವನ್ನು ಮಾತ್ರ ಬಳಸಿದರೆ ಉಳಿದವರಿಗೆ ಅದು ಸಿಗುವುದೇ ಇಲ್ಲ. ಬರಹದಲ್ಲಿ ಒಂದೇ ಪದವನ್ನು ಖಚಿತವಾಗಿ ಬಳಸಿ, ಉಳಿದ ರೂಢಿಪದಗಳನ್ನು ಪುಟದ ಮೊದಲ ಸಾಲಿನಲ್ಲೋ ಹುಡುಕಾಟದ ಸೂಚಿಯಲ್ಲೋ ಸೇರಿಸುವುದು ಇದಕ್ಕೆ ಪರಿಹಾರ. ಕನ್ನಡದ ವಿಭಕ್ತಿಗಳೂ ಹುಡುಕಾಟವನ್ನು ಕಷ್ಟವಾಗಿಸುತ್ತವೆ: ‘ಪಹಣಿ’, ‘ಪಹಣಿಯಲ್ಲಿ’, ‘ಪಹಣಿಗೆ’ ಮೂರೂ ಒಂದೇ ಎಂದು ಹುಡುಕುವ ಯಂತ್ರಕ್ಕೆ ತಿಳಿಸಬೇಕು.

ಬಟನ್‌ಗಳ ಹೆಸರನ್ನು ಮಾತ್ರ ಪರದೆಯಲ್ಲಿ ಇರುವಂತೆಯೇ ಕೊಡಬೇಕು. ಪರದೆಯಲ್ಲಿ ಸಬ್‌ಮಿಟ್ ಎಂದಿರುವಾಗ ಕೈಪಿಡಿಯಲ್ಲಿ ‘ಸಲ್ಲಿಸಿ’ ಎಂದು ಬರೆದರೆ ಬಳಕೆದಾರರು ಇಲ್ಲದ ಬಟನ್ ಹುಡುಕುತ್ತಾರೆ.

ಕನ್ನಡ ತಂತ್ರಾಂಶಗಳಲ್ಲಿ ಕೈಪಿಡಿ

ಕನ್ನಡದ ಮೊದಲ ತಲೆಮಾರಿನ ತಂತ್ರಾಂಶಗಳಲ್ಲಿ ಕೈಪಿಡಿ ತಂತ್ರಾಂಶದ ಜೊತೆಗೇ ಸಹಾಯ ಕಡತವಾಗಿ ಬರುತ್ತಿತ್ತು. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ ‘ಬರಹ’ ಲಿಪ್ಯಂತರದ ನಿಯಮಗಳ ಪಟ್ಟಿಯ ಮೂಲಕವೇ ಹೆಚ್ಚಿನವರಿಗೆ ಪರಿಚಯವಾಯಿತು. ಕನ್ನಡದಂತೆ ಕೇಳಿಸುವ ರೋಮನ್ ಅಕ್ಷರಗಳನ್ನು ಒತ್ತಿದರೆ ಕನ್ನಡ ಮೂಡುತ್ತದೆ ಎಂಬ ಒಂದು ತತ್ತ್ವ, ಅದರ ಕೆಳಗೆ ಒಂದು ಕೋಷ್ಟಕ. ಕರ್ನಾಟಕದಿಂದ ದೂರವಿದ್ದು, ಕೇಳಲು ಪಕ್ಕದಲ್ಲಿ ಯಾರೂ ಇಲ್ಲದ ಹೊರನಾಡು ಮತ್ತು ಹೊರದೇಶದ ಕನ್ನಡಿಗರಿಗೂ ಆ ಕೋಷ್ಟಕ ಸಾಕಾಗುತ್ತಿತ್ತು. ವಿಂಡೋಸ್ ಎಕ್ಸ್‌ಪಿಯ ಜೊತೆ ಕನ್ನಡದ ‘ತುಂಗಾ’ ಫಾಂಟ್ ಬರುವವರೆಗೆ ಕನ್ನಡ ಜಾಲತಾಣಗಳು ಫಾಂಟ್ ಇಳಿಸಿಕೊಳ್ಳುವ ಸೂಚನೆಯನ್ನು ಮುಖಪುಟದಲ್ಲೇ ಇಡಬೇಕಾಗಿತ್ತು. ಆ ಸೂಚನೆಯನ್ನು ಕನ್ನಡದಲ್ಲೇ ಬರೆದರೆ ಫಾಂಟ್ ಇಲ್ಲದವರಿಗೆ ಕಾಣುತ್ತಿರಲಿಲ್ಲ, ಆದ್ದರಿಂದ ಇಂಗ್ಲಿಷಿನಲ್ಲೋ ಚಿತ್ರವಾಗಿಯೋ ಕೊಡುತ್ತಿದ್ದರು.

ಸಮುದಾಯವೇ ಬರೆದು ತಿದ್ದುವ ಕನ್ನಡ ಕೈಪಿಡಿಗೆ ಎದ್ದುಕಾಣುವ ಉದಾಹರಣೆ ಕನ್ನಡ ವಿಕಿಪೀಡಿಯ. 2003ರಲ್ಲಿ ಶುರುವಾದ ಈ ವಿಶ್ವಕೋಶ ತನ್ನ ಲೇಖನಗಳಿಂದ ಬೇರೆಯಾಗಿ ‘ಸಹಾಯ’ ಎಂಬ ನಾಮವರ್ಗವನ್ನು ಇಟ್ಟುಕೊಂಡಿದೆ. ನೀತಿ ನಿಯಮಗಳು ‘ವಿಕಿಪೀಡಿಯ’ ಎಂಬ ಇನ್ನೊಂದು ನಾಮವರ್ಗದಲ್ಲಿವೆ. ಸಂಪಾದನೆ ಹೇಗೆ ಎಂಬುದೂ ಏನನ್ನು ಬರೆಯಬಹುದು ಎಂಬುದೂ ಹೀಗೆ ಎರಡು ಕಡೆ ನಿಲ್ಲುತ್ತವೆ. ಹೊಸಬರು ಕೈ ಪಳಗಿಸಿಕೊಳ್ಳಲು ಪ್ರಯೋಗಪುಟವಿದೆ. ಪುಟಗಳಲ್ಲಿ ಉತ್ತರ ಸಿಗದವರು ‘ಅರಳಿ ಕಟ್ಟೆ’ಯಲ್ಲಿ ಕೇಳಬಹುದು, ಅಲ್ಲಿ ಪದೇಪದೇ ಬರುವ ಪ್ರಶ್ನೆ ಸಹಾಯ ಪುಟದಲ್ಲಿ ಏನು ಕೊರತೆಯಿದೆ ಎಂಬುದನ್ನೂ ತೋರಿಸುತ್ತದೆ. ಸಂಪಾದನಾ ಪೆಟ್ಟಿಗೆಯಲ್ಲೇ ಲಿಪ್ಯಂತರ, ಇನ್‌ಸ್ಕ್ರಿಪ್ಟ್ ಮತ್ತು ನುಡಿ ವಿನ್ಯಾಸಗಳ ನಡುವೆ ಆಯ್ದುಕೊಳ್ಳುವ ಸೌಲಭ್ಯ ಇರುವುದರಿಂದ, ಬೆರಳಚ್ಚಿನ ಸಹಾಯ ಬೇಕಾದ ಜಾಗದಲ್ಲೇ ಸಿಗುತ್ತದೆ. ಕಂಟ್ರೋಲ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ಚಾಲೂ ಅಥವಾ ಬಂದ್ ಆಗುತ್ತದೆ.

ಸರ್ಕಾರಿ ತಂತ್ರಾಂಶಗಳ ಚಿತ್ರ ಬೇರೆ. ಭೂಮಿ ಯೋಜನೆಯ ಮೊದಲ ಹಂತದಲ್ಲಿ 177 ತಾಲ್ಲೂಕುಗಳ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಆಗ ತಂತ್ರಾಂಶವನ್ನು ಮುಟ್ಟುತ್ತಿದ್ದವರು ತಾಲ್ಲೂಕು ಕಚೇರಿಯ ಸಿಬ್ಬಂದಿ ಮಾತ್ರ. ರೈತ ಕಿಟಕಿಯ ಹೊರಗೆ ನಿಂತು 15 ರೂಪಾಯಿ ಕೊಟ್ಟು ಪ್ರತಿ ಪಡೆಯುತ್ತಿದ್ದ. ಕೈಪಿಡಿ ಸಿಬ್ಬಂದಿಗೆ ಸಾಕಾಗಿತ್ತು. ಮೊಬೈಲ್ ಬಂದ ಮೇಲೆ ಬಳಕೆದಾರ ಯಾರು ಎಂಬುದೇ ಬದಲಾಯಿತು. 2020ರ ಮುಂಗಾರಿನಲ್ಲಿ ರೈತರೇ ಬೆಳೆ ಸಮೀಕ್ಷೆ ಮಾಡಿಕೊಳ್ಳುವ ಆ್ಯಪ್ ಬಂದಾಗ ಹೊಲದಲ್ಲಿ ನಿಂತು ಸರ್ವೆ ನಂಬರ್ ಆಯ್ದು, ಬೆಳೆಯ ಹೆಸರು, ವಿಸ್ತೀರ್ಣ, ನೀರಾವರಿಯ ವಿವರ ತುಂಬಿ, ಫೋಟೊ ತೆಗೆದು ಕಳುಹಿಸುವ ಕೆಲಸ ರೈತನ ಕೈಗೆ ಬಂತು. ಬೆಂಬಲ ಬೆಲೆ, ಬೆಳೆ ವಿಮೆ, ಬೆಳೆ ಪರಿಹಾರಗಳಿಗೆ ಈ ದತ್ತಾಂಶವೇ ಆಧಾರವಾದ್ದರಿಂದ ಒಂದು ತಪ್ಪು ಆಯ್ಕೆಯ ಬೆಲೆ ದೊಡ್ಡದು. ಕಬ್ಬಿನ ನಡುವೆ ನಿಂತು ಬಿಸಿಲಿನಲ್ಲಿ ಫೋನ್ ನೋಡುತ್ತಿರುವವರಿಗೆ ನಲವತ್ತು ಪುಟದ ಪಿಡಿಎಫ್ ಕೆಲಸಕ್ಕೆ ಬಾರದು. ಅಲ್ಲಿ ಬೇಕಾದದ್ದು ಆ ಪರದೆಗೆ ಸಂಬಂಧಿಸಿದ ಎರಡು ಸಾಲು, ಮತ್ತು ಸಿಗ್ನಲ್ ಇಲ್ಲದಿದ್ದರೂ ತೆರೆಯುವ ಪುಟ.

ತಯಾರಿ ಮತ್ತು ನಿರ್ವಹಣೆ

ಕೈಪಿಡಿಯನ್ನು ತಂತ್ರಾಂಶದ ಮೂಲಸಂಕೇತದ ಜೊತೆಯಲ್ಲೇ ಇಟ್ಟು, ಅದೇ ಸಾಧನಗಳಿಂದ ನಿರ್ವಹಿಸುವುದು ಈಗಿನ ಪ್ರಬಲ ಪದ್ಧತಿ. ಪುಟಗಳ ಪಠ್ಯವು 2004ರಲ್ಲಿ ಬಂದ ಮಾರ್ಕ್‌ಡೌನ್‌ನಂತಹ ಸರಳ ನಮೂನೆಯಲ್ಲಿರುತ್ತದೆ. ಬದಲಾವಣೆಗಳು ಗಿಟ್ ಎಂಬ ಆವೃತ್ತಿ ನಿಯಂತ್ರಣ ಸಾಧನದಲ್ಲಿ ದಾಖಲಾಗುತ್ತವೆ, ಇನ್ನೊಬ್ಬರು ಪರಿಶೀಲಿಸಿದ ಮೇಲೆ ಪುಟಗಳು ತಾವಾಗಿ ತಯಾರಾಗುತ್ತವೆ. ಪೈಥಾನ್ ಭಾಷೆಯ ಕೈಪಿಡಿಗಾಗಿ ಗೇಯಾರ್ಗ್ ಬ್ರಾಂಡ್ಲ್ ರೂಪಿಸಿದ ‘ಸ್ಫಿಂಕ್ಸ್’ 2008ರಲ್ಲಿ, ಅಂತಹ ಕೈಪಿಡಿಗಳನ್ನು ಆವೃತ್ತಿವಾರಾಗಿ ಇಡುವ ‘ರೀಡ್ ದ ಡಾಕ್ಸ್’ 2010ರಲ್ಲಿ ಬಂದವು. ತಂತ್ರಾಂಶದಲ್ಲಿ ಒಂದು ಬಟನ್ ಬದಲಾದರೆ ಅದೇ ಬದಲಾವಣೆಯ ಭಾಗವಾಗಿ ಪುಟವೂ ಬದಲಾಗಬೇಕು ಎಂಬ ಶಿಸ್ತನ್ನು ಇದು ಸಾಧ್ಯವಾಗಿಸುತ್ತದೆ.

ಅನುವಾದದಲ್ಲಿ ಕಾಡುವ ದೋಷ ಹಳಸುವಿಕೆ. ಇಂಗ್ಲಿಷ್ ಪುಟ ತಿದ್ದುಪಡಿಯಾಗಿ, ಕನ್ನಡ ಪುಟ ಹಳೆಯದಾಗಿಯೇ ಉಳಿದಾಗ ಕನ್ನಡದ ಓದುಗ ಇಲ್ಲದ ಮೆನುವನ್ನು ಹುಡುಕುತ್ತಾನೆ. ವಿಕಿಪೀಡಿಯದ ಹಿಂದಿರುವ ಮೀಡಿಯಾವಿಕಿ ತಂತ್ರಾಂಶದ ಪಠ್ಯವನ್ನು ಕನ್ನಡವೂ ಸೇರಿ ನೂರಾರು ಭಾಷೆಗಳಿಗೆ ಅನುವಾದಿಸುವ ಟ್ರಾನ್ಸ್‌ಲೇಟ್‌ವಿಕಿಯಲ್ಲಿ ಮೂಲ ಬದಲಾದ ಕೂಡಲೇ ಅನುವಾದಕ್ಕೆ ಹಳತಾಗಿದೆ ಎಂಬ ಗುರುತು ಬೀಳುತ್ತದೆ. ಅನುವಾದಕರಿಗೆಂದೇ ಪ್ರತಿ ವಾಕ್ಯದ ಸಂದರ್ಭ ಹೇಳುವ ಟಿಪ್ಪಣಿಯೂ ಅಲ್ಲಿರುತ್ತದೆ. ಪದಗಳ ಏಕರೂಪಕ್ಕಾಗಿ ರೆಡ್ ಹ್ಯಾಟ್ 2008ರಲ್ಲಿ ಶುರುಮಾಡಿದ ‘ಫ್ಯೂಯೆಲ್’ ಯೋಜನೆ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಮೆನುಗಳ ಸಾಮಾನ್ಯ ಪದಗಳ ಪಟ್ಟಿಗಳನ್ನು ಸಿದ್ಧಪಡಿಸಿತು.

ಕೈಪಿಡಿ ಸರಿಯಾಗಿದೆಯೇ ಎಂದು ಅಳೆಯಲು ಮೂರು ಮೂಲಗಳು ಉಪಯುಕ್ತ: ಫಲಿತಾಂಶ ಸಿಗದ ಹುಡುಕಾಟದ ಪದಗಳು, ಸಹಾಯವಾಣಿಗೆ ಬರುವ ಪ್ರಶ್ನೆಗಳು, ಮತ್ತು ತಂತ್ರಾಂಶವನ್ನು ಮೊದಲ ಬಾರಿ ನೋಡುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುವ ಪ್ರಯೋಗ. ಮೂರನೆಯದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕಡಿಮೆ ಬಳಕೆಯಲ್ಲಿರುವುದೂ ಅದೇ.

ಉಪಯೋಗ

ನೇರ ಬಳಕೆದಾರರ ಜೊತೆಗೆ ಕೈಪಿಡಿಗೆ ಇನ್ನೂ ಹಲವು ಓದುಗರಿದ್ದಾರೆ. ಗ್ರಾಮ ಒನ್ ಕೇಂದ್ರ ನಡೆಸುವವರು, ಸೈಬರ್ ಅಂಗಡಿಯವರು, ಗ್ರಾಮ ಪಂಚಾಯಿತಿಯ ಸಿಬ್ಬಂದಿ ದಿನವಿಡೀ ಬೇರೆಯವರ ಪರವಾಗಿ ಅರ್ಜಿ ತುಂಬುತ್ತಾರೆ. ಅವರಿಗೆ ಪಾಠ ಬೇಡ, ಬೇಗ ಸಿಗುವ ಆಕರ ಬೇಕು. ಕಂಪ್ಯೂಟರ್ ತರಬೇತಿ ಕೇಂದ್ರಗಳಿಗೆ ಪಾಠಗಳೇ ಮುಖ್ಯ. ಸಹಾಯವಾಣಿಯವರು ಉತ್ತರ ಹೇಳಿ ಪುಟದ ಕೊಂಡಿಯನ್ನೂ ಕಳುಹಿಸಬಲ್ಲರು. ತಂತ್ರಾಂಶ ತಯಾರಕರಿಗೂ ಲಾಭವಿದೆ: ಒಂದು ಕೆಲಸವನ್ನು ಬರೆದು ವಿವರಿಸಲು ಹೊರಟಾಗ ಹದಿನೈದು ಹೆಜ್ಜೆ ಆದರೆ, ತಿದ್ದಬೇಕಾದದ್ದು ತಂತ್ರಾಂಶವನ್ನೇ ಎಂದು ಅಲ್ಲೇ ತಿಳಿಯುತ್ತದೆ.

ಪ್ರಸ್ತುತ ಸ್ಥಿತಿ

2011ರ ಜನಗಣತಿಯ ಪ್ರಕಾರ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು 4.37 ಕೋಟಿ. ದೇಶದ ತಂತ್ರಾಂಶ ಉದ್ಯಮದ ಕೇಂದ್ರವಾದ ಬೆಂಗಳೂರಿನಲ್ಲಿ ಕೈಪಿಡಿ ಬರೆಯುವುದನ್ನೇ ವೃತ್ತಿ ಮಾಡಿಕೊಂಡ ತಾಂತ್ರಿಕ ಬರಹಗಾರರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಆದರೆ ಅವರ ಬರಹ ಬಹುಪಾಲು ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಸೂಚನೆಗಳು ಹೆಚ್ಚಾಗಿ ಯೂಟ್ಯೂಬ್ ವಿಡಿಯೊಗಳಾಗಿ, ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಚಿತ್ರಗಳಾಗಿ, ಪಿಡಿಎಫ್‌ಗಳಾಗಿ ಸಿಗುತ್ತವೆ. ವಿಡಿಯೊ ಪಾಠಕ್ಕೆ ಒಗ್ಗುತ್ತದೆ. ಆದರೆ ಬೇಕಾದ ಒಂದು ಹೆಜ್ಜೆಯನ್ನು ಅದರಲ್ಲಿ ಹುಡುಕುವುದು ಕಷ್ಟ, ಪರದೆ ಬದಲಾದಾಗ ಅದನ್ನು ತಿದ್ದುವುದಂತೂ ಆಗದು. ಸ್ಕ್ಯಾನ್ ಮಾಡಿದ ಅಥವಾ ಹಳೆಯ ಫಾಂಟ್‌ನಲ್ಲಿ ಮಾಡಿದ ಪಿಡಿಎಫ್ ಹುಡುಕುಯಂತ್ರಕ್ಕೆ ಕಾಣುವುದಿಲ್ಲ, ದೃಷ್ಟಿದೋಷವುಳ್ಳವರು ಬಳಸುವ ಪರದೆ ಓದುಗಕ್ಕೂ ಓದಲಾಗುವುದಿಲ್ಲ. ಎನ್‌ವಿಡಿಎ ಎಂಬ ಉಚಿತ ಪರದೆ ಓದುಗ ಇ-ಸ್ಪೀಕ್ ಧ್ವನಿಯ ನೆರವಿನಿಂದ ಕನ್ನಡ ಓದಬಲ್ಲದು, ಆದರೆ ಪಠ್ಯ ಯೂನಿಕೋಡ್‌ನಲ್ಲಿದ್ದರೆ ಮಾತ್ರ. ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿಯ ಮೂರನೆಯ ಆವೃತ್ತಿ 2023ರಲ್ಲಿ ಬಂದಿದ್ದು, ಎಲ್ಲರಿಗೂ ಎಟುಕುವಂತೆ ಪುಟಗಳನ್ನು ರೂಪಿಸಬೇಕೆಂದು ಹೇಳುತ್ತದೆ.

ಕೃತಕ ಬುದ್ಧಿಮತ್ತೆಯ ಸಹಾಯಕಗಳು ಕೈಪಿಡಿಯ ಬಳಕೆಯನ್ನು ಈಗ ಮತ್ತೆ ಬದಲಿಸುತ್ತಿವೆ. ಬಳಕೆದಾರರು ಪುಟ ಹುಡುಕುವ ಬದಲು ಪ್ರಶ್ನೆ ಕೇಳುತ್ತಾರೆ, ಯಂತ್ರ ಸಂಬಂಧಿಸಿದ ಪುಟಗಳನ್ನು ಆರಿಸಿ ಉತ್ತರ ಕಟ್ಟಿಕೊಡುತ್ತದೆ. ಇಂತಹ ಯಂತ್ರಗಳಿಗೆ ಕೈಪಿಡಿಯ ಸೂಚಿಯನ್ನು ಒದಗಿಸುವ ಒಂದು ಸರಳ ಕಡತ ನಮೂನೆಯನ್ನು ಜೆರೆಮಿ ಹೊವರ್ಡ್ 2024ರಲ್ಲಿ ಮುಂದಿಟ್ಟರು. 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಮಾತನ್ನು ಬರಹವಾಗಿಸುವ, ಅನುವಾದಿಸುವ ಸಾಧನಗಳನ್ನು ಒದಗಿಸುತ್ತಿದೆ. ಓದು ಬಾರದವರೂ ಮಾತಿನಲ್ಲೇ ಕೇಳುವ ದಾರಿ ಇದರಿಂದ ತೆರೆದಿದೆ. ಈ ಯಂತ್ರಗಳು ಪುಟವನ್ನು ತುಂಡುಗಳಾಗಿ ಓದುವುದರಿಂದ, ಒಂದು ಪುಟಕ್ಕೆ ಒಂದೇ ಕೆಲಸ, ಸ್ಪಷ್ಟ ಶೀರ್ಷಿಕೆ, ಆವೃತ್ತಿ ಮತ್ತು ತಿದ್ದಿದ ದಿನಾಂಕ ಎಂಬ ಹಳೆಯ ನಿಯಮಗಳು ಇನ್ನಷ್ಟು ಬಿಗಿಯಾಗಿವೆ. ಇ-ಆಸ್ತಿಯ ಪುಟದಲ್ಲಿ ಅದು ಪಟ್ಟಣ ಪಂಚಾಯಿತಿಗೆ ಅನ್ವಯಿಸುವುದೆಂದು ಬರೆದಿರದಿದ್ದರೆ, ರನ್ನ ಬೆಳಗಲಿಯಿಂದ ಬಂದ ಪ್ರಶ್ನೆಗೆ ಯಂತ್ರ ಇ-ಸ್ವತ್ತಿನ ಹೆಜ್ಜೆಗಳನ್ನು ಕೊಟ್ಟುಬಿಡಬಹುದು.